ಹವ್ಯಾಸಿ ರೇಡಿಯೋ ಸ್ಪರ್ಧೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಿಂದ

ಹವ್ಯಾಸಿ ರೇಡಿಯೋ ಸ್ಪರ್ಧೆ ಎಂದರೆ ಗೊತ್ತುಮಾಡಿದ ಅವಧಿಯೊಳಗೆ, ಗೊತ್ತುಮಾಡಿದ ತರಂಗಪಟ್ಟಿಗಳಲ್ಲಿ, ಆದಷ್ಟು ಹೆಚ್ಚು ಹವ್ಯಾಸಿ ಕೇಂದ್ರಗಳನ್ನು ಸಂಪರ್ಕಿಸಿ ಅಂಕ ಗಳಿಸುವ ಪೈಪೋಟಿ. ಹ್ಯಾಮ್‌ಗಳ (ಹವ್ಯಾಸಿ ರೇಡಿಯೋ ಬಳಸುವವರ) ಬಾಯಲ್ಲಿ ಇದು ಬರಿಯ ‘ಕಾಂಟೆಸ್ಟ್’. ಪ್ರತಿ ಸಂಪರ್ಕದಲ್ಲೂ ಎರಡು ಕಡೆಯವರು ಪರಸ್ಪರರ ಕರೆಸಂಕೇತವನ್ನೂ ಒಂದು ಪುಟ್ಟ ಸಂದೇಶವನ್ನೂ ತಪ್ಪಿಲ್ಲದೆ ಕೇಳಿ ಬರೆದುಕೊಳ್ಳಬೇಕು. ಅಷ್ಟಾದರೆ ಮುಗಿಯಿತು, ಮುಂದಿನವರು. ಕುಶಲೋಪರಿ ಇಲ್ಲ, ಊರು ಕೇರಿಯ ವಿಚಾರಣೆ ಇಲ್ಲ. ಪಳಗಿದವರ ಕೈಯಲ್ಲಿ ಒಂದು ಸಂಪರ್ಕ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ.

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳು ಸಮುದ್ರಕ್ಕೂ ಪಶ್ಚಿಮ ಘಟ್ಟಕ್ಕೂ ನಡುವಿನ ನೆಲ. ಹ್ಯಾಮ್ ಚಟುವಟಿಕೆಯ ಮಟ್ಟಿಗೆ ಈ ಸೀಮೆಗೆ ಹತ್ತಿರದ ಪೇಟೆ ಮಂಗಳೂರು. ಮಂಗಳೂರು ಅಮೆಚೂರ್ ರೇಡಿಯೋ ಕ್ಲಬ್ ಇರುವುದು ಅಲ್ಲಿ. ಕೇಂದ್ರ ಸರ್ಕಾರದ ನಿಸ್ತಂತು ನಿಗಾ ಕೇಂದ್ರವೂ ಅಲ್ಲೇ ಇದೆ. ಹೆಚ್ಚು ಹಣ, ಹೆಚ್ಚು ಎತ್ತರದ ಟವರ್, ಹೆಚ್ಚು ಶಕ್ತಿ ಇದ್ದವರು ಗೆಲ್ಲುತ್ತಾರೆ ಎಂಬ ಮಾತು ಜಗತ್ತಿನ ಎಲ್ಲ ಕಡೆಯೂ ಸ್ವಲ್ಪಮಟ್ಟಿಗೆ ನಿಜ. ಈ ಮೂರು ತಾಲೂಕುಗಳಲ್ಲಿ ಮಾತ್ರ ಅದಕ್ಕಿಂತ ಮೊದಲು ಲೆಕ್ಕಕ್ಕೆ ಬರುವುದು ಮಳೆ, ಸಿಡಿಲು ಮತ್ತು ಘಟ್ಟದ ಗೋಡೆ.

ಪರವಾನಗಿ, ಕರೆಸಂಕೇತ

ಭಾರತದಲ್ಲಿ ಹವ್ಯಾಸಿ ರೇಡಿಯೋ ಬಳಕೆ 1921ರಲ್ಲಿ ಕೋಲ್ಕತ್ತದ ಅಮರೇಂದ್ರ ಚಂದ್ರ ಗುಪ್ತು ಅವರಿಂದ ಶುರುವಾಯಿತು ಎಂದು ಗುರುತಿಸುತ್ತಾರೆ. 1939ರಲ್ಲಿ ಯುದ್ಧ ಶುರುವಾದಾಗ ಪರವಾನಗಿಗಳು ಅಮಾನತಾದವು. ಈಗಿನ ವ್ಯವಸ್ಥೆ ರೂಪುಗೊಂಡದ್ದು 1978ರ ಹವ್ಯಾಸಿ ಸೇವಾ ನಿಯಮಗಳ ಮೇಲೆ. ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಪ್ಲಾನಿಂಗ್ ಆ್ಯಂಡ್ ಕೋಆರ್ಡಿನೇಶನ್ ವಿಭಾಗ ಪರವಾನಗಿ ಕೊಡುತ್ತದೆ. 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ನಿರ್ಬಂಧಿತ ದರ್ಜೆಯವರಿಗೆ ವಿಯು3, ಸಾಮಾನ್ಯ ದರ್ಜೆಯವರಿಗೆ ವಿಯು2 ಎಂದು ಶುರುವಾಗುವ ಕರೆಸಂಕೇತ. ಸಾಮಾನ್ಯ ದರ್ಜೆಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಕಳಿಸಿ, ಕೇಳಿ ಬರೆಯಬೇಕು. ದೇಶದ ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಮೋರ್ಸ್ ಪರೀಕ್ಷೆ ಮಾತ್ರ ಹ್ಯಾಮ್‌ಗಳ ಪಾಲಿಗೆ ಉಳಿದಿದೆ. ಕಡಿಮೆ ಶಕ್ತಿಯ ಕೇಂದ್ರಕ್ಕೆ ಸ್ಪರ್ಧೆಯಲ್ಲಿ ಮೋರ್ಸಿನಷ್ಟು ನೆರವಾಗುವುದು ಬೇರೊಂದಿಲ್ಲವಾದ್ದರಿಂದ ಈ ಕಡ್ಡಾಯವನ್ನು ದೂರುವುದು ಅಷ್ಟು ಸರಿಯಲ್ಲ.

ನಿರ್ಬಂಧಿತ ದರ್ಜೆಗೆ ಹೈ ಫ್ರೀಕ್ವೆನ್ಸಿ ಪಟ್ಟಿಗಳಲ್ಲಿ 50 ವಾಟ್, ಸಾಮಾನ್ಯ ದರ್ಜೆಗೆ 400 ವಾಟ್ ಮಿತಿ. ಸ್ಪರ್ಧೆಗಳಲ್ಲಿ 100 ವಾಟ್ ಒಳಗಿನವರಿಗೆ ‘ಲೋ ಪವರ್’, 5 ವಾಟ್ ಒಳಗಿನವರಿಗೆ ‘ಕ್ಯೂಆರ್‌ಪಿ’ ಎಂಬ ಬೇರೆ ವರ್ಗಗಳಿರುವುದರಿಂದ 50 ವಾಟಿನವರು 1,500 ವಾಟಿನವರೊಡನೆ ಸೆಣಸಬೇಕಾಗಿಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಮತ್ತು ಅದರ ನಂತರದ ಮೈಕ್ರೋಬಿಟ್‌ಎಕ್ಸ್ ಸೆಟ್ಟುಗಳು ಕೆಲವು ವಾಟಿನಲ್ಲೇ ಕೆಲಸ ಮಾಡುತ್ತವೆ. ಆಮದು ಸೆಟ್ಟಿಗೆ ಲಕ್ಷದ ಹತ್ತಿರ ಸುರಿಯಲಾರದ ವಿದ್ಯಾರ್ಥಿ ಅದರಿಂದಲೇ ಸ್ಪರ್ಧೆಗೆ ಇಳಿಯಬಹುದು.

ಆಟದ ಲೆಕ್ಕ

ಹವ್ಯಾಸಿ ರೇಡಿಯೋ ಸ್ಪರ್ಧೆಗಳಲ್ಲಿ ಅತಿ ದೊಡ್ಡದು 1948ರಿಂದ ನಡೆದುಬಂದಿರುವ ಸಿಕ್ಯೂ ವರ್ಲ್ಡ್ ವೈಡ್. ಅಕ್ಟೋಬರಿನ ಕೊನೆಯ ಪೂರ್ಣ ವಾರಾಂತ್ಯ ಧ್ವನಿಗೆ, ನವೆಂಬರಿನ ಕೊನೆಯ ಪೂರ್ಣ ವಾರಾಂತ್ಯ ಮೋರ್ಸಿಗೆ. ವಿಶ್ವ ಸಮಯದ ಶನಿವಾರ ಸೊನ್ನೆ ಗಂಟೆಗೆ, ಅಂದರೆ ನಮ್ಮಲ್ಲಿ ಬೆಳಗಿನ 5.30ಕ್ಕೆ ಶುರು, ಸೋಮವಾರ ಬೆಳಿಗ್ಗೆ ಅದೇ ಹೊತ್ತಿಗೆ ಮುಕ್ತಾಯ. 160, 80, 40, 20, 15 ಮತ್ತು 10 ಮೀಟರ್ ಪಟ್ಟಿಗಳಲ್ಲಿ ಮಾತ್ರ ಆಟ. ನಡುವಿನ 30, 17, 12 ಮೀಟರ್ ಪಟ್ಟಿಗಳು ಎಲ್ಲ ಸ್ಪರ್ಧೆಗಳಿಂದಲೂ ಹೊರಗೆ. ಆ ಎರಡು ದಿನ ನೆಮ್ಮದಿಯಾಗಿ ಮಾತಾಡಬೇಕೆನ್ನುವವರು ಅಲ್ಲಿಗೆ ಹೋಗಬಹುದು.

ಸಂದೇಶ ಬಹಳ ಚಿಕ್ಕದು: ಸಂಕೇತದ ಗುಣಮಟ್ಟ ಮತ್ತು ವಲಯದ ಸಂಖ್ಯೆ. ಜಗತ್ತನ್ನು 40 ವಲಯಗಳಾಗಿ ಹಂಚಿರುವ ಈ ಲೆಕ್ಕದಲ್ಲಿ ಭಾರತ 22ನೆಯದು. ಬಂಟ್ವಾಳದವರು ಯಾರಿಗೇ ಆದರೂ ‘ಫೈವ್ ನೈನ್, ಟೂ ಟೂ’ ಎನ್ನುತ್ತಾರೆ. ಮೊದಲ ಎರಡು ಅಂಕಿಗಳಿಗೆ ಅರ್ಥವೇನೂ ಉಳಿದಿಲ್ಲ. ಸಂಕೇತ ಕಿವಿಗೆ ಬೀಳುವುದೇ ಕಷ್ಟವಾಗಿದ್ದರೂ ಎಲ್ಲರೂ ಎಲ್ಲರಿಗೂ ಪೂರ್ಣ ಅಂಕ ಕೊಡುವುದು ರೂಢಿ.

ಬೇರೆ ಖಂಡದ ಕೇಂದ್ರ ಸಿಕ್ಕರೆ 3 ಅಂಕ, ಏಷ್ಯಾದ ಬೇರೆ ದೇಶಕ್ಕೆ 1, ಸ್ವಂತ ದೇಶಕ್ಕೆ ಸೊನ್ನೆ. ಪ್ರತಿ ಪಟ್ಟಿಯಲ್ಲೂ ಹೊಸದಾಗಿ ಸಿಕ್ಕ ದೇಶ ಮತ್ತು ವಲಯ ಒಂದೊಂದು ಗುಣಕ. ಅಂಕಗಳ ಮೊತ್ತವನ್ನು ಗುಣಕಗಳ ಮೊತ್ತದಿಂದ ಗುಣಿಸಿದರೆ ಫಲಿತಾಂಶ. ಒಬ್ಬರು ಬೇರೆ ಖಂಡಗಳ 80, ಏಷ್ಯಾದ 20 ಕೇಂದ್ರಗಳನ್ನು ಹಿಡಿದು, 30 ದೇಶ ಮತ್ತು 15 ವಲಯ ಸೇರಿಸಿದರೆ 260 ಅಂಕ ಗುಣಿಸು 45, ಅಂದರೆ 11,700. ಈ ಲೆಕ್ಕ ಗೊತ್ತಿರುವವರು ಜಪಾನಿನ ಜೋರು ಸಂಕೇತಗಳ ಹಿಂದೆ ಬೀಳದೆ ಯೂರೋಪಿನ ಕಡೆ ಕಿವಿಗೊಡುತ್ತಾರೆ. ಜಪಾನ್ ಏಷ್ಯಾದ ಲೆಕ್ಕಕ್ಕೆ ಬಂದು ಒಂದೇ ಅಂಕ ತರುತ್ತದೆ. ಸುಮಾರು 7,000 ಕಿ.ಮೀ. ಆಚೆಯ ಜರ್ಮನಿ ಮೂರು ತರುತ್ತದೆ, ಅಲ್ಲಿ ಕರೆಯುವವರ ಸಂಖ್ಯೆಯೂ ದೊಡ್ಡದು.

ಈ ಲೆಕ್ಕದ ಇನ್ನೊಂದು ಬದಿ ನಮ್ಮವರಿಗೆ ಇನ್ನೂ ಅನುಕೂಲ. 22ನೇ ವಲಯದಲ್ಲಿ ಭಾರತ, ಲಕ್ಷದ್ವೀಪ, ಶ್ರೀಲಂಕಾ, ಮಾಲ್ಡೀವ್ಸ್, ನೇಪಾಳ, ಭೂತಾನ್, ಬಾಂಗ್ಲಾದೇಶ ಬಿಟ್ಟರೆ ಬೇರಾರೂ ಇಲ್ಲ. (ಹವ್ಯಾಸಿಗಳ ದೇಶಪಟ್ಟಿಯಲ್ಲಿ ಲಕ್ಷದ್ವೀಪವೂ ಅಂಡಮಾನೂ ಬೇರೆ ಬೇರೆ ‘ದೇಶ’ಗಳೇ, ಅಂಡಮಾನ್ 26ನೇ ವಲಯಕ್ಕೆ ಸೇರಿದೆ.) ಹೀಗಾಗಿ ಜರ್ಮನಿಯ ಸ್ಪರ್ಧಿಗೆ ಭಾರತದ ಒಂದು ಕೇಂದ್ರ ಸಿಕ್ಕರೆ ದೇಶವೂ ವಲಯವೂ ಒಟ್ಟಿಗೆ ಸಿಕ್ಕಂತೆ. ಬೆಳ್ತಂಗಡಿಯ 50 ವಾಟ್ ಕೇಂದ್ರ ತಾನೇ ಕರೆಯುತ್ತ ಕುಳಿತರೆ ದೊಡ್ಡ ಕೇಂದ್ರಗಳೇ ಅದನ್ನು ಹುಡುಕಿಕೊಂಡು ಬರುತ್ತವೆ. ಹೊಸಬರು ಸಾಮಾನ್ಯವಾಗಿ ಪಟ್ಟಿಯನ್ನು ತಡಕಿ ಒಬ್ಬೊಬ್ಬರನ್ನೇ ಹಿಡಿಯುವ ‘ಸರ್ಚ್ ಆ್ಯಂಡ್ ಪೌನ್ಸ್’ ಕ್ರಮಕ್ಕೇ ಅಂಟಿಕೊಳ್ಳುತ್ತಾರೆ. ಒಂದೇ ಜಾಗದಲ್ಲಿ ನಿಂತು ಕರೆಯುವ ‘ರನ್’ ಹಾಕುವ ಧೈರ್ಯ ಮಾಡಿದರೆ ಐದಾರು ಜನ ಒಟ್ಟಿಗೆ ಮುಗಿಬೀಳುವ ಅನುಭವವಾಗುತ್ತದೆ. ಆ ಗಲಭೆಯಿಂದ ಒಂದು ಕರೆಸಂಕೇತದ ಕೊನೆಯ ಎರಡಕ್ಷರವನ್ನಾದರೂ ಹೆಕ್ಕಿ ತೆಗೆಯುವ ಕಿವಿಯೇ ಸ್ಪರ್ಧಿಯ ಬಂಡವಾಳ.

ಬೇರೆ ಸ್ಪರ್ಧೆಗಳಿಗೆ ಬೇರೆ ಸಂದೇಶ. ಸಿಕ್ಯೂ ಡಬ್ಲ್ಯೂಪಿಎಕ್ಸ್‌ನಲ್ಲಿ ಸಂಪರ್ಕದ ಕ್ರಮಸಂಖ್ಯೆ ಹೇಳಬೇಕು, ಕರೆಸಂಕೇತದ ಪೂರ್ವಪ್ರತ್ಯಯವೇ ಗುಣಕ. ವಿಯು2 ಬೇರೆ, ವಿಯು3 ಬೇರೆ. ಜುಲೈಯಲ್ಲಿ ಅಂತರರಾಷ್ಟ್ರೀಯ ಅಮೆಚೂರ್ ರೇಡಿಯೋ ಯೂನಿಯನ್ ನಡೆಸುವ 24 ಗಂಟೆಗಳ ಸ್ಪರ್ಧೆಯಲ್ಲಿ ವಲಯದ ಎಣಿಕೆಯೇ ಬೇರೆ, ಅಲ್ಲಿ ನಾವು 41. ಜಪಾನಿನ ಸಂಘ ನಡೆಸುವ ಆಲ್ ಏಷ್ಯನ್‌ನಲ್ಲಿ ಹೇಳಬೇಕಾದ ಸಂಖ್ಯೆ ಆಪರೇಟರಿನ ವಯಸ್ಸು. ಮಹಿಳೆಯರು ಬೇಕಾದರೆ ಸೊನ್ನೆ ಸೊನ್ನೆ ಎನ್ನಬಹುದು ಎಂಬ ಹಳೆಯ ಕಾಲದ ದಾಕ್ಷಿಣ್ಯವೂ ಅದರ ನಿಯಮದಲ್ಲಿದೆ.

ಘಟ್ಟ, ಹೊಳೆ, ಪದವು

ನಕಾಶೆಯಲ್ಲಿ ಮೂರೂ ತಾಲೂಕುಗಳು ಒತ್ತಟ್ಟಿಗಿವೆ. ರೇಡಿಯೋಗೆ ಮೂರೂ ಬೇರೆ ಬೇರೆ. ದೂರದ ಸಂಪರ್ಕಕ್ಕೆ ಅಲೆ ನೆಲಕ್ಕೆ ಐದರಿಂದ ಹದಿನೈದು ಡಿಗ್ರಿಯಷ್ಟು ತಗ್ಗಿನ ಕೋನದಲ್ಲಿ ಹೊರಡಬೇಕು. ಆಗ ಅಯಾನುಗೋಳಕ್ಕೆ ಬಡಿದು ವಾಪಸು ಬೀಳುವ ಒಂದೊಂದು ನೆಗೆತವೂ ಉದ್ದವಾಗುತ್ತದೆ. ಬೆಳ್ತಂಗಡಿಯ ಉತ್ತರಕ್ಕೆ ಕುದುರೆಮುಖ ಶ್ರೇಣಿ, ಈಶಾನ್ಯಕ್ಕೆ ಚಾರ್ಮಾಡಿ ಕಡೆಯ ಘಟ್ಟಸಾಲು. ಕುದುರೆಮುಖ ಶಿಖರದ ಎತ್ತರ ಸುಮಾರು 1,890 ಮೀಟರ್. ಹದಿನೈದು ಕಿ.ಮೀ. ದೂರದಿಂದ ನೋಡುವವನಿಗೆ ಅಷ್ಟು ಎತ್ತರದ ಗುಡ್ಡ ದಿಗಂತವನ್ನು ಏಳು ಡಿಗ್ರಿಯಷ್ಟು ಮೇಲಕ್ಕೆತ್ತುತ್ತದೆ, ಅಂದರೆ ಬೇಕಾದ ಕೋನದ ಕೆಳಗಿನ ಪಾಲು ಅಲ್ಲೇ ಕತ್ತರಿಸಿಹೋಗುತ್ತದೆ. ಜಪಾನ್ ಇರುವುದು ಈಶಾನ್ಯಕ್ಕೆ. ಅಮೆರಿಕಕ್ಕೆ ಹತ್ತಿರದ ದಾರಿ ಉತ್ತರ ಧ್ರುವದ ಬಗಲಿನಿಂದ, ಅದೂ ಉತ್ತರಕ್ಕೇ. ಎರಡಕ್ಕೂ ಘಟ್ಟ ಅಡ್ಡ. ಯೂರೋಪಿರುವ ವಾಯವ್ಯ ಮಾತ್ರ ಕಾರ್ಕಳ, ಮೂಡುಬಿದಿರೆಗಳ ಕಡೆಗೆ ತಗ್ಗುತ್ತ ಹೋಗುವ ನೆಲ. ಅಂಕ ಹೆಚ್ಚು ಬರುವ ದಿಕ್ಕೇ ತೆರೆದಿರುವುದು ಬೆಳ್ತಂಗಡಿಯವರ ಅದೃಷ್ಟ.

ಮೂಡುಬಿದಿರೆಯ ಪದವುಗಳು ಇದಕ್ಕಿಂತ ಬಯಲು. ಘಟ್ಟ ದೂರ ಸರಿದು ದಿಗಂತ ತಗ್ಗುತ್ತದೆ, ಆಂಟೆನಾ ಎತ್ತರಿಸಲು ಜಾಗವೂ ಇದೆ. ಆದರೆ ಮುರಕಲ್ಲಿನ ನೆಲ ಮಳೆ ನಿಂತ ನಂತರ ಬೇಗ ಒಣಗುತ್ತದೆ. ಒಣ ಮುರಕಲ್ಲಿನಲ್ಲಿ ಅರ್ಥಿಂಗ್ ಹಿಡಿಯುವುದಿಲ್ಲ, ಅರ್ಥ್ ಗುಂಡಿಗೆ ನೀರು ಹೊಯ್ಯುವ ಕೆಲಸ ಬೇಸಿಗೆಯಲ್ಲಿ ಎಲ್ಲರ ಮನೆಯಲ್ಲೂ ಇದ್ದದ್ದೇ. ನೆಲವನ್ನೇ ಆಂಟೆನಾದ ಅರ್ಧಭಾಗವಾಗಿ ಬಳಸುವ ಲಂಬ ಆಂಟೆನಾ ಇಲ್ಲಿ ಸೊರಗುತ್ತದೆ. ಅಡ್ಡ ಕಟ್ಟುವ ಡೈಪೋಲ್ ವಾಸಿ. ಬಂಟ್ವಾಳ ಪೇಟೆ, ಪಾಣೆಮಂಗಳೂರು ನೇತ್ರಾವತಿಯ ದಂಡೆಯ ತಗ್ಗು. ಅಲ್ಲಿಯವರು ಎತ್ತರ ಬೇಕೆಂದರೆ ಕಾರಿಂಜದಂಥ ಗುಡ್ಡಗಳ ಕಡೆ ನೋಡಬೇಕಾಗುತ್ತದೆ. ಗುಡ್ಡದ ಮೇಲಿಂದ ಆಡುವ ಆಸೆ ಪಡುವವರಿಗೆ ಗಡಾಯಿಕಲ್ಲು, ಅಂದರೆ ಜಮಾಲಾಬಾದ್ ಕೋಟೆ, ನಕಾಶೆಯಲ್ಲಿ ಬಹಳ ಆಕರ್ಷಕವಾಗಿ ಕಾಣುತ್ತದೆ. ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿದೆ, ಅರಣ್ಯ ಇಲಾಖೆಯ ಅನುಮತಿ ಬೇಕು. ಪರವಾನಗಿಯಲ್ಲಿ ಬರೆದ ವಿಳಾಸ ಬಿಟ್ಟು ಬೇರೆಡೆ ಕೇಂದ್ರ ಹೂಡುವಾಗ ಅದರ ನಿಯಮವನ್ನೂ ನೋಡಿಕೊಳ್ಳಬೇಕು. ಬೆಳ್ತಂಗಡಿಯ ಕಾಡಂಚಿನಲ್ಲಿ ಸ್ಯಾಟಲೈಟ್ ಫೋನ್ ಬಳಕೆಯ ಶಂಕೆಯ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುವ ಈ ದಿನಗಳಲ್ಲಿ ತಂತಿ, ಬ್ಯಾಟರಿ ಹೊತ್ತು ಗುಡ್ಡ ಹತ್ತುವವರು ಪರವಾನಗಿಯ ಪ್ರತಿಯನ್ನು ಜೇಬಿನಲ್ಲಿಟ್ಟುಕೊಳ್ಳುವುದು ಜಾಣತನ.

ಅಕ್ಷಾಂಶದ ಒಂದು ವಿಶೇಷವನ್ನೂ ಹೇಳಬೇಕು. 13 ಡಿಗ್ರಿ ಉತ್ತರ ಅಕ್ಷಾಂಶ ಈ ಸೀಮೆಯ ಮೇಲೆಯೇ ಹಾದುಹೋಗುತ್ತದೆ. ಸ್ಥಳವನ್ನು ಅಕ್ಷರ ಅಂಕಿಗಳ ಚೌಕಗಳಲ್ಲಿ ಗುರುತಿಸುವ ಮೇಡನ್‌ಹೆಡ್ ಕ್ರಮದಲ್ಲಿ ಬಂಟ್ವಾಳ ಪೇಟೆ ಎಂಕೆ72, ಮೂಡುಬಿದಿರೆ ಎಂಕೆ73. ಬೆಳ್ತಂಗಡಿ ತಾಲೂಕಿನೊಳಗೆ ಧರ್ಮಸ್ಥಳ ಒಂದರಲ್ಲಿ, ವೇಣೂರು ಇನ್ನೊಂದರಲ್ಲಿ. ಆಗಸ್ಟಿನ ವರ್ಲ್ಡ್ ವೈಡ್ ಡಿಜಿ ಸ್ಪರ್ಧೆಯಲ್ಲಿ ಈ ಚೌಕದ ಹೆಸರೇ ಸಂದೇಶ. ಅದು ಎಫ್‌ಟಿ8, ಎಫ್‌ಟಿ4 ಎಂಬ ಡಿಜಿಟಲ್ ಕ್ರಮಗಳ ಸ್ಪರ್ಧೆ. 2017ರಲ್ಲಿ ಎಫ್‌ಟಿ8 ತಂದವರಲ್ಲಿ ಒಬ್ಬರಾದ ಜೋ ಟೇಲರ್ 1993ರ ಭೌತವಿಜ್ಞಾನ ನೊಬೆಲ್ ಪಡೆದವರು. ಕಿವಿಗೆ ಕೇಳಿಸದ ಸಂಕೇತವನ್ನೂ ಕಂಪ್ಯೂಟರ್ ಹೆಕ್ಕಿ ತೋರಿಸುತ್ತದೆ. ಹಿಡಿದದ್ದು ಕಿವಿಯೋ ಪ್ರೋಗ್ರಾಮೋ ಎಂಬ ಜಗಳ ಹ್ಯಾಮ್‌ಗಳೊಳಗೆ ಮುಗಿದಿಲ್ಲ. ಎತ್ತರದ ಆಂಟೆನಾ ಕಟ್ಟಲಾಗದ, ಪೇಟೆಯ ಗದ್ದಲದಲ್ಲಿ ಸಿಕ್ಕಿಕೊಂಡ ಬಿ.ಸಿ.ರೋಡಿನ ಫ್ಲ್ಯಾಟಿನವರಿಗೆ ಮಾತ್ರ ಇದು ದೊಡ್ಡ ಉಪಕಾರ.

ತೋಟದ ಆಂಟೆನಾ

ಟವರ್ ಇಲ್ಲದವರ ಟವರ್ ತೆಂಗಿನ ಮರ. 20 ಮೀಟರ್ ಪಟ್ಟಿಯ ಡೈಪೋಲಿಗೆ ಸುಮಾರು 10 ಮೀಟರ್ ತಂತಿ, 40 ಮೀಟರ್ ಪಟ್ಟಿಗೆ ಸುಮಾರು 20 ಮೀಟರ್ ಸಾಕು. ಮುಖ್ಯವಾದದ್ದು ಎತ್ತರ. 20 ಮೀಟರ್ ಪಟ್ಟಿಯ ತಂತಿ ಹತ್ತು ಮೀಟರ್ ಎತ್ತರದಲ್ಲಿದ್ದರೆ ಶಕ್ತಿಯ ಹೆಚ್ಚಿನ ಪಾಲು ಮೂವತ್ತು ಡಿಗ್ರಿಯ ಸುತ್ತ ಹೊರಡುತ್ತದೆ. ಇಪ್ಪತ್ತು ಮೀಟರಿಗೆ ಏರಿಸಿದರೆ ಹದಿನಾಲ್ಕಕ್ಕೆ ಇಳಿಯುತ್ತದೆ. ಬೆಳೆದ ತೆಂಗು ಈ ಎತ್ತರಕ್ಕೆ ಹತ್ತಿರ ಬರುತ್ತದೆ. ಅಡಿಕೆಯೂ ಬರುತ್ತದೆ, ಆದರೆ ಗಾಳಿಗೆ ಬಳುಕುವುದರಿಂದ ಹಗ್ಗವನ್ನು ಬಿಗಿಯದೆ ಸಡಿಲ ಬಿಡಬೇಕು. ಕೊನೆ ಕೊಯ್ಯಲೋ ಮದ್ದು ಬಿಡಲೋ ಬಂದವರನ್ನು ಹಿಡಿದು ಹಗ್ಗ ಕಟ್ಟಿಸಿಕೊಳ್ಳುವುದು ಇಲ್ಲಿ ಸಲೀಸಾದ ದಾರಿ. ಈಚೆಗೆ ತೋಟಗಳಿಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯನ್ನು ಕಂಬವಾಗಿ ಬಳಸುವ ಯೋಚನೆ ಯಾರಿಗಾದರೂ ಬಂದೇ ಬರುತ್ತದೆ. ಅದು ವಿದ್ಯುತ್ ವಾಹಕ. ಆಂಟೆನಾ ತಂತಿ ಅದಕ್ಕೆ ತಾಗಿಕೊಂಡಿದ್ದರೆ ಟ್ಯೂನ್ ಕೆಡುತ್ತದೆ, ಮೇಲಿನ ಕರೆಂಟ್ ಲೈನಿಗೆ ತಾಗಿದರೆ ಜೀವವೇ ಹೋಗುತ್ತದೆ. ಫೈಬರ್‌ಗ್ಲಾಸ್ ಕೋಲು ಅಥವಾ ಒಣ ಬಿದಿರು ಒಳ್ಳೆಯದು.

ಹಳ್ಳಿಯ ತೋಟದಲ್ಲಿ ಗದ್ದಲ ಇಲ್ಲ ಎಂದುಕೊಳ್ಳುವುದು ಅರ್ಧಸತ್ಯ. ಪೇಟೆಯ ಎಲ್‌ಇಡಿ ಬಲ್ಬು, ಇನ್‌ವರ್ಟರುಗಳ ಕಿರಿಕಿರಿ ಇಲ್ಲಿ ಕಡಿಮೆಯೇ. ಅದರ ಬದಲು ಕಾಡುಹಂದಿ, ಆನೆಗಳಿಗೆಂದು ಹಾಕಿದ ಸೋಲಾರ್ ಬೇಲಿ ಇರುತ್ತದೆ. ಸುಮಾರು ಸೆಕೆಂಡಿಗೊಮ್ಮೆ ಅದು ಬಿಡುವ ಮಿಡಿತ ರೇಡಿಯೋದಲ್ಲಿ ಟಕ್, ಟಕ್ ಎಂದು ರಾತ್ರಿಯಿಡೀ ಕೇಳುತ್ತದೆ. ತಂತಿಗೆ ಹುಲ್ಲು, ಬಳ್ಳಿ ತಾಗಿ ಕಿಡಿ ಹಾರುವಲ್ಲಿ ಅದು ಇನ್ನೂ ಜೋರು. ಸ್ಪರ್ಧೆಯ ಹಿಂದಿನ ದಿನ ಬೇಲಿಗುಂಟ ನಡೆದು ಬಳ್ಳಿ ಸವರಿದರೆ ತೋಟಕ್ಕೂ ಲಾಭ, ಲಾಗಿಗೂ (ಸಂಪರ್ಕಗಳ ದಾಖಲೆಗೂ) ಲಾಭ. ಪಂಪಿನ ತ್ರೀ ಫೇಸ್ ಕರೆಂಟ್ ಹೋದ ಹೊತ್ತಿನಲ್ಲಿ, ಬ್ಯಾಟರಿಯ ಮೇಲೆ ಕುಳಿತರೆ, 40 ಮೀಟರ್ ಪಟ್ಟಿ ಎಷ್ಟು ಶುಭ್ರವಾಗಿದೆ ಎಂದು ತಿಳಿಯುತ್ತದೆ.

ಮಳೆಗಾಲದ ನೆಲದಲ್ಲಿ ಸ್ಪರ್ಧೆಗಳ ಪಂಚಾಂಗ

ಈ ಸ್ಪರ್ಧೆಗಳ ದಿನಗಳನ್ನು ಗೊತ್ತುಮಾಡಿದವರು ಸಮಶೀತೋಷ್ಣ ದೇಶದವರು. ಅವರಿಗೆ ಅಕ್ಟೋಬರ್ ಎಂದರೆ ಸಿಡಿಲು ಮುಗಿದು ಪಟ್ಟಿಗಳು ತಿಳಿಯಾಗುವ ಕಾಲ. ದಕ್ಷಿಣ ಕನ್ನಡದಲ್ಲಿ ಅದು ಮಧ್ಯಾಹ್ನದ ಮೇಲೆ ಘಟ್ಟದ ಕಡೆಯಿಂದ ಮೋಡ ಕವಿದು ಗುಡುಗುವ ತಿಂಗಳು. ಸಿಕ್ಯೂ ವರ್ಲ್ಡ್ ವೈಡ್‌ನ ಧ್ವನಿ ಸ್ಪರ್ಧೆ ಸರಿಯಾಗಿ ಅದರ ನಡುವೆ ಬೀಳುತ್ತದೆ. ಮೂರು ಗಂಟೆಯ ಹೊತ್ತಿಗೆ ಸಿಡಿಲಿನ ಚಟಪಟ ಕೇಳತೊಡಗಿದರೆ ಕೇಬಲ್ ಬಿಚ್ಚಿ ಕಿಟಕಿಯಾಚೆ ಹಾಕಿ, ಪ್ಲಗ್ ಕಿತ್ತು, ಕಾಯುವುದೊಂದೇ ದಾರಿ. ಯೂರೋಪಿನ ಕಡೆಗೆ 15 ಮತ್ತು 10 ಮೀಟರ್ ಪಟ್ಟಿಗಳು ಹದವಾಗಿ ತೆರೆಯುವುದೂ ಅದೇ ಹೊತ್ತಿಗೆ. ಇಲ್ಲಿಯ ಸ್ಪರ್ಧಿ ಬೆಳಗಿನ ಹೊತ್ತನ್ನೂ ಮಳೆ ಬಿಟ್ಟ ನಂತರದ ರಾತ್ರಿಯನ್ನೂ ನಂಬಬೇಕು. ದೀಪಾವಳಿ ಹತ್ತಿರವಾಗಿದ್ದರೆ ಗೂಡುದೀಪಕ್ಕೂ ಅಂಗಳಕ್ಕೂ ಕಟ್ಟಿದ ಅಗ್ಗದ ಎಲ್‌ಇಡಿ ಸರಗಳ ಕಿರಿಕಿರಿ ಬೇರೆ.

ನವೆಂಬರಿನ ಮೋರ್ಸ್ ಸ್ಪರ್ಧೆ ಇದಕ್ಕೆ ತದ್ವಿರುದ್ಧ. ಆಕಾಶ ತಿಳಿ, ರಾತ್ರಿ ತಂಪು, ಪಟ್ಟಿಗಳಲ್ಲಿ ಸದ್ದಿಲ್ಲ. ಈ ಸೀಮೆಯವರು ವರ್ಷಕ್ಕೆ ಒಂದೇ ಸ್ಪರ್ಧೆಗೆ ಬಿಡುವು ಮಾಡಿಕೊಳ್ಳುವುದಾದರೆ ಅದು ಇದೇ ಆಗಲಿ ಎನ್ನಬೇಕು. ತೊಡಕು ಊರಿನದು. ಧರ್ಮಸ್ಥಳದ ಲಕ್ಷದೀಪೋತ್ಸವ ಬರುವುದು ಕಾರ್ತಿಕದಲ್ಲಿ, ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗುವುದೂ ಆ ಹೊತ್ತಿಗೆ, ಮುಂದೆ ಮೂಡುಬಿದಿರೆಯ ಕಡಲಕೆರೆಯೂ ಸೇರಿ ಕಂಬಳಗಳ ವಾರಾಂತ್ಯಗಳು. ನೆರೆಯ ಗದ್ದೆಯಲ್ಲಿ ಬಯಲಾಟವಿದ್ದರೆ ಸ್ಪೀಕರಿನ ಉದ್ದನೆಯ ವಯರುಗಳು ಆಂಟೆನಾದಂತೆಯೇ ರೇಡಿಯೋ ಅಲೆಯನ್ನು ಹಿಡಿಯುತ್ತವೆ. ಭಾಗವತರ ಪದದ ನಡುವೆ ಮೋರ್ಸ್ ಕೇಳಿಸಿದರೆ ಹ್ಯಾಮ್‌ನ ಮನೆ ಹುಡುಕಿಕೊಂಡು ಜನ ಬರುವುದು ಖಂಡಿತ. ಆ ರಾತ್ರಿ ಶಕ್ತಿ ತಗ್ಗಿಸುವುದು, ಇಲ್ಲವೇ ಆಟ ನೋಡಲು ಹೋಗುವುದು ಒಳ್ಳೆಯದು.

ಮಾರ್ಚಿನ ಡಬ್ಲ್ಯೂಪಿಎಕ್ಸ್ ಧ್ವನಿ ಸ್ಪರ್ಧೆಗೆ ಸೆಖೆ ಬಿಟ್ಟರೆ ಬೇರೆ ಅಡ್ಡಿಯಿಲ್ಲ. ಸೂರ್ಯಾಸ್ತದ ನಂತರ ಸಂಕೇತಗಳು ಗಡಗಡ ನಡುಗಿ ಕೇಳುವುದುಂಟು. ಭೂಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಹತ್ತಿರ ಹಾದುಹೋಗುವುದರಿಂದ, ಹಗಲಿರುಳು ಸಮವಾಗುವ ತಿಂಗಳುಗಳ ಸಂಜೆ ಇಲ್ಲಿಯ ಅಯಾನುಗೋಳದಲ್ಲಿ ಗುಳ್ಳೆಗಳಂಥ ತೆರಪುಗಳು ಏಳುತ್ತವೆ. ನಡುಕಕ್ಕೆ ಕಾರಣ ಅದು. ಮೇ ಕೊನೆಯ ಮೋರ್ಸ್ ಸ್ಪರ್ಧೆಗೆ ಮುಂಗಾರು ಪೂರ್ವದ ಸಿಡಿಲು. ಜುಲೈ ಬಂದರೆ ಸಿಡಿಲಿಲ್ಲ, ಮಳೆ ಮಾತ್ರ. ವರ್ಷಕ್ಕೆ ಸುಮಾರು 4,000 ಮಿ.ಮೀ. ಸುರಿಯುವ ಜಿಲ್ಲೆಯಲ್ಲಿ ಜುಲೈಯ ವಾರಾಂತ್ಯ ಎಂದರೆ ಲೈನ್ ಮೇಲೆ ಮರ ಬಿದ್ದು ಮೆಸ್ಕಾಂ ಕರೆಂಟ್ ಹೋಗಿರುವುದು, ಕೇಬಲ್ಲಿನ ಕನೆಕ್ಟರಿನೊಳಗೆ ನೀರು ಇಳಿದಿರುವುದು. ಹೊರಗಿನ ಜೋಡಣೆಗಳಿಗೆ ಸ್ವಯಂ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಮನೆಯೊಳಗೆ ಬರುವ ಮುನ್ನ ಕೇಬಲ್ಲನ್ನು ಕೆಳಕ್ಕೆ ಬಾಗಿಸಿ ನೀರು ತೊಟ್ಟಿಕ್ಕಿ ಹೋಗುವಂತೆ ಮಾಡಿದವರದು ಮಾತ್ರ ಎರಡನೇ ವರ್ಷಕ್ಕೂ ಬಾಳುತ್ತದೆ.

ಸ್ಪರ್ಧೆಯಲ್ಲದ್ದು

ಅಕ್ಟೋಬರಿನ ಮೂರನೇ ವಾರಾಂತ್ಯದಲ್ಲಿ ಸ್ಕೌಟುಗಳು ಹ್ಯಾಮ್ ಕೇಂದ್ರಗಳ ಮೂಲಕ ಮಾತಾಡಿಕೊಳ್ಳುವ ‘ಜಾಂಬೂರಿ ಆನ್ ದಿ ಏರ್’ ಸ್ಪರ್ಧೆಯಲ್ಲ; ಅಲ್ಲಿ ಅಂಕವೂ ಇಲ್ಲ, ಆತುರವೂ ಇಲ್ಲ. 2022ರ ಡಿಸೆಂಬರ್ 21ರಿಂದ 27ರವರೆಗೆ ಮೂಡುಬಿದಿರೆಯ ಆಳ್ವಾಸ್ ಆವರಣದಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದ ಮೇಲೆ ಈ ಭಾಗದ ಮಕ್ಕಳಿಗೆ ಜಾಂಬೂರಿ ಎಂಬ ಹೆಸರು ಚೆನ್ನಾಗಿ ಗೊತ್ತು. ಶಾಲೆಯ ಸ್ಕೌಟ್ ದಳಗಳಿಗೆ ರೇಡಿಯೋ ತೋರಿಸಲು ಸ್ಪರ್ಧೆಗಿಂತ ಇದೇ ಒಳ್ಳೆಯ ಬಾಗಿಲು. ಹತ್ತು ಸೆಕೆಂಡಿನ ಸಂಭಾಷಣೆ ಮಗುವಿಗೆ ಏನನ್ನೂ ಹೇಳುವುದಿಲ್ಲ.

ಸ್ಪರ್ಧೆ ಎಂದರೆ ತುರ್ತು ಸಂಪರ್ಕದ ತಾಲೀಮು ಎಂಬ ಮಾತು ಹ್ಯಾಮ್ ವಲಯದಲ್ಲಿ ಧಾರಾಳವಾಗಿ ಓಡಾಡುತ್ತದೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ನೆರೆ, ಗುಡ್ಡಕುಸಿತ ಆದದ್ದನ್ನು ಕಂಡ ಜನರಿಗೆ ಈ ಮಾತು ಸಹಜವಾಗಿ ರುಚಿಸುತ್ತದೆ. ಅದು ಪೂರ್ತಿ ಸರಿಯಲ್ಲ. ಸ್ಪರ್ಧೆ ಕಿವಿಯನ್ನು ಹರಿತ ಮಾಡುತ್ತದೆ, ಕೇಂದ್ರ ಎರಡು ದಿನ ಸತತ ದುಡಿಯಬಲ್ಲದೇ ಎಂದು ತೋರಿಸುತ್ತದೆ. ಆದರೆ ನೆರೆಯಲ್ಲಿ ಬೇಕಾಗುವುದು ಎಷ್ಟು ಮನೆ, ಯಾವ ಸೇತುವೆ, ಯಾವ ಔಷಧ ಎಂಬ ಉದ್ದದ ಸಂದೇಶವನ್ನು ಒಂದಕ್ಷರ ಬಿಡದೆ ಹತ್ತಿಪ್ಪತ್ತು ಕಿ.ಮೀ. ಆಚೆಗೆ ಮುಟ್ಟಿಸುವ ಚಳಕ. ಜರ್ಮನಿಗೆ ತಲಪುವ ಅಲೆ ಚಾರ್ಮಾಡಿಯಿಂದ ಬೆಳ್ತಂಗಡಿಗೆ ತಲಪಬೇಕೆಂದೇನೂ ಇಲ್ಲ. ಅದಕ್ಕೆ ತಗ್ಗಿನಲ್ಲಿ ಕಟ್ಟಿ ನೇರ ಮೇಲಕ್ಕೆ ಹೊಡೆಯುವ 40 ಮೀಟರ್ ಡೈಪೋಲ್ ಬೇಕು, ಇಲ್ಲವೇ 144 ಮೆಗಾಹರ್ಟ್ಸ್‌ನಲ್ಲಿ ಗುಡ್ಡದ ಮೇಲಿಂದ ರಿಲೇ ಮಾಡುವವರು ಬೇಕು. ಅಮೆರಿಕದ ಹ್ಯಾಮ್ ಸಂಘ 1933ರಿಂದ ಜೂನ್ ತಿಂಗಳಲ್ಲಿ ನಡೆಸುವ ಫೀಲ್ಡ್ ಡೇ ಈ ಅಗತ್ಯಕ್ಕೆ ಹತ್ತಿರದ್ದು: ಬಯಲಿಗೆ ಹೋಗಿ, ಲೈನ್ ಕರೆಂಟ್ ಇಲ್ಲದೆ, ತಾತ್ಕಾಲಿಕ ಕೇಂದ್ರ ಹೂಡುವ ಅಭ್ಯಾಸ ಅದು. ನಮ್ಮ ಜೂನ್ ಅದಕ್ಕೆ ಒಗ್ಗದು. ಮಂಗಳೂರು ಸುತ್ತಿನ ಹವ್ಯಾಸಿಗಳು ಡಿಸೆಂಬರಿನಲ್ಲೋ ಜನವರಿಯಲ್ಲೋ ಅಂಥದ್ದೊಂದನ್ನು ಪದವಿನ ಮೇಲೆ ಮಾಡುವುದು ಹೆಚ್ಚು ಉಪಯುಕ್ತ.

ಲಾಗ್

ಹಿಂದೆ ಕಾಗದದಲ್ಲಿ ಬರೆದು ಅಂಚೆಗೆ ಹಾಕುತ್ತಿದ್ದ ಲಾಗ್ ಈಗ ಕಂಪ್ಯೂಟರಿನಲ್ಲೇ ತಯಾರಾಗುತ್ತದೆ. ಎನ್1ಎಂಎಂನಂಥ ಉಚಿತ ತಂತ್ರಾಂಶ ಈಗಾಗಲೇ ಸಿಕ್ಕವರನ್ನು ಎಚ್ಚರಿಸುತ್ತದೆ, ಗುಣಕ ಯಾವುದೆಂದು ಬಣ್ಣದಲ್ಲಿ ತೋರಿಸುತ್ತದೆ, ಕೊನೆಗೆ ಕ್ಯಾಬ್ರಿಲೊ ಎಂಬ ನಮೂನೆಯಲ್ಲಿ ಕಡತ ಮಾಡಿಕೊಡುತ್ತದೆ. ಸಿಕ್ಯೂ ವರ್ಲ್ಡ್ ವೈಡ್‌ಗೆ ಅದನ್ನು ಐದು ದಿನದೊಳಗೆ ಕಳಿಸಬೇಕು. ನಲವತ್ತೇ ಸಂಪರ್ಕ ಆಗಿದ್ದರೂ ಕಳಿಸಬೇಕು: ಸಾವಿರಾರು ಲಾಗುಗಳನ್ನು ಒಂದಕ್ಕೊಂದು ತಾಳೆ ನೋಡಿಯೇ ತಪ್ಪು ಹಿಡಿಯುವುದರಿಂದ ಪುಟ್ಟ ಲಾಗೂ ಬೇರೆಯವರ ಲೆಕ್ಕ ಪರೀಕ್ಷೆಗೆ ಸಾಕ್ಷಿಯಾಗುತ್ತದೆ. ಕರೆಸಂಕೇತ ತಪ್ಪಾಗಿ ಬರೆದಿದ್ದರೆ ಆ ಸಂಪರ್ಕದ ಅಂಕ ಹೋಗುವುದಲ್ಲದೆ ಅದರ ಎರಡರಷ್ಟು ದಂಡವೂ ಬೀಳುತ್ತದೆ. ಅನುಮಾನವಿದ್ದರೆ ಮತ್ತೊಮ್ಮೆ ಕೇಳುವ ಐದು ಸೆಕೆಂಡು ಆಗ ಅಗ್ಗವೆನಿಸುತ್ತದೆ.

ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಅದರ ಜೊತೆ ಬರುವ ತಪಾಸಣಾ ವರದಿಯನ್ನು ಅನುಭವಸ್ಥರು ಸ್ಥಾನಕ್ಕಿಂತ ಮೊದಲು ಓದುತ್ತಾರೆ. ಯಾವ ಅಕ್ಷರಕ್ಕೆ ಯಾವುದನ್ನು ಕೇಳಿಸಿಕೊಂಡೆವು, ಎಷ್ಟು ಗಂಟೆಗೆ, ಯಾವ ಪಟ್ಟಿಯಲ್ಲಿ ಎಂಬುದೆಲ್ಲ ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ತಪ್ಪುಗಳು ಭಾನುವಾರ ನಡುರಾತ್ರಿಯ ನಂತರ ಗುಂಪುಗೂಡಿದ್ದರೆ ಮುಂದಿನ ಸಲ ಆ ಹೊತ್ತಿನಲ್ಲಿ ಎರಡು ಗಂಟೆ ಮಲಗಿ ಏಳುವುದೇ ಲಾಭ.